‘ಎರಡು ಸಾವಿರ ವರ್ಷ ಹಳೆಯದು’ ಅಂದವರು ಯಾರು?

ಸಂಪಾದಕರಿಗೆ,

ನಮ್ಮ ಕಡೆ ಪಾಯ ತೋಡುವಾಗಲೋ ಕೆರೆ ಹೂಳು ಎತ್ತುವಾಗಲೋ ಹಳೇ ಮಡಕೆ, ಕಲ್ಲು ಸಿಕ್ಕರೆ ‘ಎರಡು ಸಾವಿರ ವರ್ಷ ಹಳೆಯದು’ ಅಂತ ಸುದ್ದಿ ಬರುತ್ತದೆ. ಓದೋಕೆ ಖುಷಿಯೇ. ಆದರೆ ಆ ಲೆಕ್ಕ ಹಾಕಿದವರು ಯಾರು, ಹೇಗೆ ಹಾಕಿದರು ಅನ್ನುವುದು ಸುದ್ದಿಯಲ್ಲಿ ಇರುವುದೇ ಇಲ್ಲ.

ವಿಗ್ರಹಕ್ಕೆ ಕಾರ್ಬನ್ ಪರೀಕ್ಷೆ ಮಾಡಿಸಿ ಎನ್ನುವವರೂ ಇದ್ದಾರೆ. ಕಲ್ಲಿಗೆ ಅದು ಆಗುವುದಿಲ್ಲ. ಒಂದು ಕಾಲಕ್ಕೆ ಜೀವ ಇದ್ದದ್ದಕ್ಕೆ ಮಾತ್ರ ಆಗುತ್ತದೆ: ಇದ್ದಿಲು, ಮೂಳೆ, ಕಾಳು. ಜೀವ ಹೋದ ಮೇಲೆ ಅದರೊಳಗಿನ ಕಾರ್ಬನ್-14 (ತಾನಾಗಿ ಕರಗುತ್ತಾ ಹೋಗುವ ಒಂದು ಬಗೆಯ ಕಾರ್ಬನ್) ಸುಮಾರು 5730 ವರ್ಷಕ್ಕೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದು ಕಾಲ ಹೇಳುತ್ತಾರೆ. ಅಲ್ಲೂ ಮೋಸ ಹೋಗಬಹುದು. ನೂರಾರು ವರ್ಷ ಬಾಳಿದ ಮರದ ತಿರುಳಿನ ಇದ್ದಿಲಾದರೆ ಅದು ಉರಿದ ಒಲೆಗಿಂತ ತಾನೇ ಹಳೆಯದು ಅಂತ ತೋರಿಸುತ್ತದೆ. ಹಾಗಾಗಿ ಒಂದೇ ವರ್ಷದಲ್ಲಿ ಬೆಳೆದು ಮುಗಿಯುವ ಕಾಳಿಗೆ ಬೆಲೆ ಜಾಸ್ತಿ. ಮಡಕೆಗೆ ಥರ್ಮೋಲುಮಿನಿಸೆನ್ಸ್ ಅನ್ನುವ ಬೇರೆ ಪರೀಕ್ಷೆ ಇದೆ, ಅದು ಕೊನೇ ಸಲ ಬೆಂಕಿ ಕಂಡದ್ದು ಯಾವಾಗ ಅಂತ ಹೇಳುತ್ತದೆ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲಿಗೆ ಇದ್ಯಾವುದೂ ಬೇಡ. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಆ ಕಲ್ಲಿನ ಮೇಲೆ ಶಕವರ್ಷ 872, ಅಂದರೆ ಸುಮಾರು ಕ್ರಿ.ಶ. 950, ಅಂತ ಬರೆದೇ ಇದೆ.

ಕಾಳಿನಿಂದ ಗೊತ್ತಾಗುವುದು ಕಾಲ ಒಂದೇ ಅಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರು. ಸುಟ್ಟು ಕರಕಾದ ಕಾಳು ಮೇಲೆ ತೇಲಿದವು: ಹುರುಳಿ, ಹೆಸರು, ಕೊರಲೆ. ಹೊಸ ಶಿಲಾಯುಗದ ಜನರ ಊಟ ಅದು. ರಾಗಿಯ ತವರು ಪೂರ್ವ ಆಫ್ರಿಕಾ, ಇಲ್ಲಿಗೆ ಆಮೇಲೆ ಬಂದದ್ದು. ಮುದ್ದೆ ಉಣ್ಣುವ ಮಂಡ್ಯದವರಿಗೆ ಸ್ವಲ್ಪ ಬೇಜಾರಿನ ವಿಷಯ, ಆದರೂ ಹುರುಳಿ ಸಾರು ನಮ್ಮದೇ ಅಲ್ವಾ!

ಈ ಕಾಳು ಸಿಗಬೇಕಾದರೆ ಮಣ್ಣು ಇದ್ದ ಹಾಗೇ ಇರಬೇಕು. ನಾವು ಮಾಡುವುದೇನು? ಹಾಳೂರಿನ ದಿಬ್ಬದ ಬೂದಿ ಮಣ್ಣನ್ನು ಗೊಬ್ಬರ ಅಂತ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತೇವೆ. ಮಡಕೆ ಸಿಕ್ಕರೆ ಒಳಗಿನ ಮಣ್ಣು ತೆಗೆದು, ತೊಳೆದು, ಫೋಟೋಗೆ ಹಿಡಿಯುತ್ತೇವೆ. ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದು ಅಲ್ಲಿಗೆ ಹೋಯಿತು. ಆಮೇಲೆ ಎಷ್ಟು ದೊಡ್ಡ ಲ್ಯಾಬ್ ಇದ್ದರೂ ಉಪಯೋಗ ಕಮ್ಮಿ.

ರಾಜ್ಯ ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲೇ ಇದೆ. ಇಂಥ ಸುದ್ದಿ ಹಾಕುವಾಗ ಕಾಲ ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಸೇರಿಸಿ. ಏನಾದರೂ ಸಿಕ್ಕರೆ ತೊಳೆಯದೆ, ಅಲ್ಲೇ ಬಿಟ್ಟು, ಇಲಾಖೆಗೆ ತಿಳಿಸಿ ಅಂತಲೂ ಕೆಳಗೆ ಹಾಕಿ.

– ಒಬ್ಬ ಓದುಗ, ಮಂಡ್ಯ