ಮೆಟ್ರೋಗೂ ಒಬ್ಬ ಕಂಡಕ್ಟರ್ ಬೇಕು ಸಾರ್: ನಮ್ಮ ಮೆಟ್ರೋ ವ್ಯವಸ್ಥಾಪಕ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಇದು ಟಿಕೆಟ್ ದರದ ಬಗ್ಗೆ ಬರೆದ ಪತ್ರ ಅಲ್ಲ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಆ ಜಗಳವನ್ನು ಬೇರೆಯವರು ಸಾಕಷ್ಟು ಆಡಿದ್ದಾರೆ. ರೈಲು ಸಾಲದು ಅನ್ನೋ ಹಳೇ ದೂರೂ ಅಲ್ಲ. ನಾನು ಬರೆಯುತ್ತಿರೋದು ನಮ್ಮ ಬಗ್ಗೆ, ಅಂದ್ರೆ ಪ್ರಯಾಣಿಕರು ಒಬ್ಬರಿಗೊಬ್ಬರು ಕೊಡುವ ಕಾಟದ ಬಗ್ಗೆ. ಅದಕ್ಕೆ ನಿಮಗ್ಯಾಕೆ ಪತ್ರ ಅಂದ್ರೆ, ಆ ಕಾಟದಲ್ಲಿ ಅರ್ಧದಷ್ಟನ್ನು ನೀವು ಮನಸ್ಸು ಮಾಡಿದರೆ ಸರಿ ಮಾಡಬಹುದು.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಮೆಜೆಸ್ಟಿಕ್‌ನಲ್ಲಿ ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ಬಂದು ನಿಂತಾಗ ಏನಾಗುತ್ತೆ ಅಂತ ಒಮ್ಮೆ ನೋಡಿ. ವಿಜಯನಗರ, ಅತ್ತಿಗುಪ್ಪೆ ಕಡೆಯಿಂದ ಬಂದವರು ಹಸಿರು ಮಾರ್ಗ ಹಿಡಿಯೋಕೆ ಇಳಿಯಬೇಕು. ಹಸಿರು ಮಾರ್ಗದಿಂದ ಬಂದವರು ಹತ್ತಬೇಕು. ಬಾಗಿಲು ತೆರೆದಿರೋದು ಕೆಲವೇ ಸೆಕೆಂಡು. ಇಳಿಯುವವರಿಗೆ ಮೊದಲು ದಾರಿ ಬಿಟ್ಟರೆ ಎರಡೂ ಕೆಲಸ ಸಲೀಸಾಗಿ ಮುಗಿಯುತ್ತೆ. ಆದರೆ ಬಾಗಿಲಿನ ಎದುರಿಗೆ ನಟ್ಟನಡುವೆ ನಿಂತವರು, ತೆರೆಯುವ ಮೊದಲೇ ಒಂದು ಕಾಲು ಮುಂದಿಟ್ಟುಕೊಂಡು, ತೆರೆದ ತಕ್ಷಣ ಒಟ್ಟಿಗೆ ನುಗ್ಗುತ್ತಾರೆ. ಒಳಗಿನವರು ಹೊರಗೆ ತಳ್ಳುತ್ತಾರೆ, ಹೊರಗಿನವರು ಒಳಗೆ ತಳ್ಳುತ್ತಾರೆ, ನಡುವೆ ಊಟದ ಡಬ್ಬಿ ಹಿಡಿದುಕೊಂಡ ಒಬ್ಬ ಹೆಂಗಸು ಇಳಿಯೋಕೂ ಆಗದೆ, ಉಳಿಯೋಕೂ ಆಗದೆ ಅಡ್ಡಡ್ಡವಾಗಿ ಸಿಕ್ಕಿಕೊಂಡಿರುತ್ತಾರೆ. ಅಷ್ಟರಲ್ಲಿ ಬಾಗಿಲು ಕೂಗೋಕೆ ಶುರು ಮಾಡುತ್ತೆ.

ಇನ್ನು ಒಳಗೆ ಬಂದರೆ ಜಯ ವಿಜಯರು. ಬಾಗಿಲಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಒರಗಿಕೊಂಡು ನಿಂತರೆ ಮುಗಿಯಿತು, ವೈಕುಂಠದ ಬಾಗಿಲು ಕಾದ ಹಾಗೆ ಕಾಯುತ್ತಾರೆ. ಹೋಪ್‌ಫಾರ್ಮ್‌ನಲ್ಲಿ ಇಳಿಯುವವರು ಎಂ.ಜಿ. ರೋಡಿನಿಂದಲೇ ಬಾಗಿಲು ಬಿಡಲ್ಲ. ಬೋಗಿಯ ನಡುವೆ, ಸೀಟುಗಳ ಎದುರು, ಆರಾಮಾಗಿ ಏಳೆಂಟು ಜನ ನಿಲ್ಲುವಷ್ಟು ಜಾಗ ಖಾಲಿ ಇರುತ್ತೆ. ಬಾಗಿಲ ಹತ್ತಿರ ಉಸಿರಾಡೋಕೂ ಜಾಗ ಇರಲ್ಲ. ಹೊರಗೆ ನಿಂತವರು ರೈಲು ಫುಲ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಿಜ ಹೇಳಬೇಕು ಅಂದ್ರೆ, ನಾವು ರಶ್ ಅಂತ ಬಯ್ಯುವುದರಲ್ಲಿ ಎಷ್ಟೋ ಪಾಲು ಜನರಿಂದ ಆದದ್ದಲ್ಲ, ಜನ ನಿಂತ ಜಾಗದಿಂದ ಆದದ್ದು.

ಮತ್ತೆ ಬ್ಯಾಗು. ಈ ಊರಿನ ಲ್ಯಾಪ್‌ಟಾಪ್ ಬ್ಯಾಗಿನ ಬಗ್ಗೆ ಬೇರೆಯೇ ಪತ್ರ ಬರೆಯಬೇಕು. ಬೆನ್ನಿಗೆ ಹಾಕಿಕೊಂಡವರಿಗೆ ಹಿಂದೆ ಏನಿದೆ ಅನ್ನೋದೇ ಗೊತ್ತಿರಲ್ಲ. ಪಕ್ಕದ ಜೇಬಿನಲ್ಲಿ ಸ್ಟೀಲ್ ನೀರಿನ ಬಾಟಲಿ, ಅದು ಸರಿಯಾಗಿ ಕೂತಿರುವವರ ಮುಖದ ಮಟ್ಟಕ್ಕೆ. ಫೋನು ಬಂತು ಅಂತ ಅವರು ಒಂದು ಸಲ ಗಿರಕ್ಕನೆ ತಿರುಗಿದರೆ ಅಕ್ಕಪಕ್ಕದ ಮೂವರಿಗೆ ಏಟು. ಅದನ್ನೇ ತೆಗೆದು ಎದೆಗೆ ಹಾಕಿಕೊಂಡರೆ ಯಾರ ಗಂಟು ಹೋಗುತ್ತೆ?

ಸ್ಪೀಕರ್‌ನಲ್ಲಿ ರೀಲ್ಸ್ ಹಾಕುವವರು, ವಿಡಿಯೋ ಕಾಲ್‌ನಲ್ಲಿ ಮನೆಯ ಸಾಲದ ಲೆಕ್ಕ ಒಪ್ಪಿಸುವವರು, ವಯಸ್ಸಾದವರು ಎದುರಿಗೆ ಬಂದ ತಕ್ಷಣ ಮೀಸಲು ಸೀಟಿನಲ್ಲಿ ನಿದ್ದೆ ಹೋಗುವವರು, ಇವರೆಲ್ಲಾ ಇದ್ದಾರೆ. ಸಿಟ್ಟು ಬರುತ್ತೆ. ಆದರೆ ಅವರಿಂದ ರೈಲು ನಿಲ್ಲಲ್ಲ. ಬಾಗಿಲಿನವರಿಂದ ನಿಲ್ಲುತ್ತೆ. ಆರು ಬೋಗಿಯ ರೈಲಿಗೆ ಒಂದು ಬದಿಯಲ್ಲಿ 24 ಬಾಗಿಲು. ಒಂದೇ ಒಂದು ಮುಚ್ಚದಿದ್ದರೂ ರೈಲು ಹೊರಡಲ್ಲ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇದು ಹೊರಡದಿದ್ದರೆ ಹಿಂದಿನದು ಸುರಂಗದಲ್ಲೋ ಹಿಂದಿನ ನಿಲ್ದಾಣದಲ್ಲೋ ಕಾಯಬೇಕು, ಅಲ್ಲಿ ಜನ ಇನ್ನಷ್ಟು ಸೇರುತ್ತಾರೆ, ಆ ರೈಲಿನಲ್ಲಿ ನೂಕಾಟ ಇನ್ನೂ ಜಾಸ್ತಿ. ಮೆಜೆಸ್ಟಿಕ್‌ನಲ್ಲಿ ಒಬ್ಬ ಪುಣ್ಯಾತ್ಮ ಬಾಗಿಲಿಗೆ ಬ್ಯಾಗು ಸಿಕ್ಕಿಸಿದ್ದಕ್ಕೆ ಹಿಂದೆ ಬರುವ ರೈಲುಗಳೂ ತಡ ಆಗೋದು ಹೀಗೆ.

ದಂಡ ಹಾಕಿ ಅಂತ ಹಲವರು ಹೇಳ್ತಾರೆ. 2002ರ ಮೆಟ್ರೋ ರೈಲ್ವೆ ಕಾಯ್ದೆಯ 59ನೇ ಕಲಂನಲ್ಲಿ ಬೇರೆಯವರಿಗೆ ತೊಂದರೆ ಕೊಟ್ಟರೆ 500 ರೂಪಾಯಿವರೆಗೆ ದಂಡ ಹಾಕಬಹುದು, ರೈಲಿನಿಂದ ಇಳಿಸಲೂಬಹುದು. ಗುಟ್ಕಾ ಉಗಿಯುವವರಿಗೆ, ಹೆಣ್ಣುಮಕ್ಕಳಿಗೆ ಕಾಟ ಕೊಡುವವರಿಗೆ, ಅವರಿಗೆ ಗೊತ್ತಾಗದ ಹಾಗೆ ವಿಡಿಯೋ ಮಾಡುವವರಿಗೆ ಕಾನೂನು ಖಂಡಿತ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲಲ್ಲಿ ನಿಂತದ್ದಕ್ಕೆ ಯಾರಿಗೆ ಅಂತ ರಸೀದಿ ಹರಿಯುತ್ತೀರಿ?

ನಮ್ಮ ಜನಕ್ಕೆ ಇದು ಬರಲ್ಲ ಅನ್ನೋದನ್ನೂ ನಾನು ಒಪ್ಪಲ್ಲ. ಇದೇ ಜನ ಬಿಎಂಟಿಸಿ ಬಸ್ಸಿನಲ್ಲಿ ಒಳಗೆ ಹೋಗುತ್ತಾರೆ. ಯಾಕೆ? ಕಂಡಕ್ಟರ್ ಇರುತ್ತಾರೆ. “ಒಳಗಡೆ ಹೋಗ್ರೀ, ಜಾಗ ಖಾಲಿ ಬಿದ್ದಿದೆ, ಬಾಗಿಲಲ್ಲಿ ಏನು ಕೆಲಸ ನಿಮಗೆ, ಬ್ಯಾಗ್ ಸಾರ್, ಬ್ಯಾಗ್ ಇಳಿಸಿ.” ಅಷ್ಟು ಹೇಳಿದರೆ ಸಾಕು, ಗೊಣಗಿಕೊಂಡಾದರೂ ಸರಿಯುತ್ತಾರೆ. ಮೆಟ್ರೋದಲ್ಲಿ ಹಾಗೆ ಹೇಳುವವರಿಲ್ಲ. ಪಕ್ಕದವರು ಹೇಳಿದರೆ ಜಗಳ, ಹೇಳೋಣ ಅಂದ್ರೂ ಎಲ್ಲರ ಕಿವಿಯಲ್ಲೂ ಇಯರ್‌ಫೋನ್. ಮುಂಬೈ ಲೋಕಲ್‌ನಲ್ಲಿ ಎಲ್ಲಿ ಇಳೀತೀರಾ ಅಂತ ಮುಂದಿನವರನ್ನು ಮೊದಲೇ ಕೇಳಿಕೊಂಡು ಜಾಗ ಅದಲುಬದಲು ಮಾಡಿಕೊಳ್ಳುವ ರೂಢಿ ಇದೆ. ಇಲ್ಲಿ ಇಂದಿರಾನಗರ ಬಂದ ಮೇಲೆ ಎಲ್ಲರಿಗೂ ನೆನಪಾಗುತ್ತೆ.

ಘೋಷಣೆ ಇದೆಯಲ್ಲ ಅಂತೀರಿ. ಇದೆ. ಅದಕ್ಕೆ ದನಿ ಕೊಟ್ಟ ನಿರೂಪಕಿ ಅಪರ್ಣಾ ಅವರು 2024ರ ಜುಲೈನಲ್ಲಿ ಅಗಲಿದಾಗ ಎಷ್ಟು ಜನ ಮೆಟ್ರೋದ ಆ ದನಿಯನ್ನೇ ನೆನೆಸಿಕೊಂಡರು, ನೋಡಿದ್ದೀರಿ. ಅಷ್ಟು ಚಂದದ, ಸ್ಪಷ್ಟವಾದ ಕನ್ನಡ. ಅದನ್ನು ಮುಟ್ಟೋದು ಬೇಡ. ಆದರೆ ದಿನಾ ಕೇಳಿ ಕೇಳಿ ರೆಕಾರ್ಡ್ ಆದ ಮಾತು ಕಿವಿಗೆ ಬೀಳಲ್ಲ. ಎದುರಿಗೆ ನಿಂತು ಕಣ್ಣಿಗೆ ಕಣ್ಣಿಟ್ಟು ಹೇಳಿದ ಮಾತು ಬೀಳುತ್ತೆ.

ಹಾಗಾಗಿ ನಾನು ಕೇಳೋದು ಇಷ್ಟು. ರೈಲು ನಿಲ್ಲುವ ಜಾಗ ಖಾಯಂ, ಬಾಗಿಲು ಎಲ್ಲಿ ತೆರೆಯುತ್ತೆ ಅನ್ನೋದೂ ಖಾಯಂ. ಅಲ್ಲಿ ಹತ್ತುವವರು ಎರಡು ಬದಿಗೆ, ಇಳಿಯುವವರು ನಡುವೆ ಅಂತ ಕಣ್ಣಿಗೆ ರಾಚುವ ಹಾಗೆ ಗೆರೆ ಬಳಿಸಿ. ಇರುವ ಕಡೆ ಮಾಸಿದ್ದರೆ ಮತ್ತೆ ಬಳಿಸಿ. ಆಮೇಲೆ ಜನ. ಹಳದಿ ಗೆರೆ ದಾಟಿದರೆ ಸೀಟಿ ಊದುವ ಸಿಬ್ಬಂದಿ ಪ್ಲಾಟ್‌ಫಾರ್ಮ್‌ನಲ್ಲಿ ಈಗಾಗಲೇ ಇದ್ದಾರೆ, ಎಷ್ಟು ಶ್ರದ್ಧೆಯಿಂದ ಊದುತ್ತಾರೆ ಅಂತ ದಿನಾ ನೋಡುತ್ತೇವೆ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಅವರ ಜೊತೆಗೆ ಇನ್ನೂ ಕೆಲವರನ್ನು ಮೆಜೆಸ್ಟಿಕ್‌ನಲ್ಲೂ, ಹಳದಿ ಮಾರ್ಗ ಸೇರುವ ಆರ್.ವಿ. ರೋಡಿನಲ್ಲೂ ಬಾಗಿಲುಗಳ ಎದುರು ನಿಲ್ಲಿಸಿ. ಸೀಟಿ ಬೇಡ, ಬಾಯಿ ಸಾಕು. ರಶ್ ಹೊತ್ತಿನಲ್ಲಿ ಇಬ್ಬರನ್ನು ರೈಲಿನ ಒಳಗೂ ಓಡಾಡಿಸಿ, ಬಾಗಿಲಿನಿಂದ ಒಳಕ್ಕೆ ಕರೆಯೋಕೆ. ಆಯ್ಕೆ ಮಾಡುವಾಗ ಬಿಎಂಟಿಸಿಯಿಂದ ನಿವೃತ್ತರಾದ ಕಂಡಕ್ಟರ್‌ಗಳಿಗೆ ಮೊದಲು ಕರೆ ಹೋಗಲಿ. ತಮಾಷೆಗೆ ಹೇಳ್ತಿಲ್ಲ. ಜನರನ್ನು ಒಳಗೆ ಕಳಿಸುವ ವಿದ್ಯೆ ಅವರಷ್ಟು ಗೊತ್ತಿರುವವರು ಈ ಊರಿನಲ್ಲಿ ಬೇರೆ ಯಾರಿದ್ದಾರೆ?

ಒಂದೆರಡು ತಿಂಗಳು ಮಾಡಿಸಿ ನೋಡಿ. ಒಂದೊಂದು ರೈಲು ಮೆಜೆಸ್ಟಿಕ್‌ನಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತೆ ಅನ್ನೋ ಲೆಕ್ಕ ನಿಮ್ಮ ಕಂಟ್ರೋಲ್ ರೂಮಿನಲ್ಲಿ ಇರಲೇಬೇಕಲ್ಲ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ನಮಗೂ ತಿಳಿಸಿ. ಕಡಿಮೆ ಆಗದಿದ್ದರೆ ನಿಲ್ಲಿಸಿಬಿಡಿ, ನಾನು ಮತ್ತೆ ಬರೆಯಲ್ಲ.

ಇಂತಿ,
ನೇರಳೆ ಮಾರ್ಗದ ಒಬ್ಬ ಪ್ರಯಾಣಿಕ