ಹೊಂಡದ ಬದುವಿನ ಸೊಪ್ಪನ್ನೂ ಪರೀಕ್ಷಿಸಿ

ಮಾನ್ಯರೇ,

ಕೊಪ್ಪಳ ತಾಲ್ಲೂಕಿನಲ್ಲಿ ಕಾರ್ಖಾನೆಗಳ ಸಮೀಪವಿರುವ ನಮ್ಮ ಹೊಲದ ಕೃಷಿ ಹೊಂಡದ ಸುತ್ತ ಹೊನಗೊನೆ, ಗೋಣಿ ಸೊಪ್ಪು ತಾನಾಗಿಯೇ ಬೆಳೆಯುತ್ತದೆ. ಕಳೆ ತೆಗೆಯಲು ಬರುವ ಹೆಣ್ಣುಮಕ್ಕಳು ಸಂಜೆ ಅದನ್ನೇ ಉಡಿ ತುಂಬಿಕೊಂಡು ಹೋಗುತ್ತಾರೆ. ಕಳೆದ ವಾರ ಒಂದು ಎಲೆಯನ್ನು ಬೆರಳಿನಿಂದ ಒರೆಸಿದಾಗ ಕಾಡಿಗೆಯಂತಹ ಕಪ್ಪು ಅಂಟಿತು. ಈ ದೂಳು ತೊಳೆದರೆ ಹೋದೀತು. ಆದರೆ ಮಳೆನೀರಿನೊಂದಿಗೆ ಹರಿದು ಬಂದು ಹೂಳಿನಲ್ಲಿ ನಿಲ್ಲುವ ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು, ಆ ಹೂಳನ್ನೇ ಎತ್ತಿ ಬದುವಿಗೆ ಹಾಕಿದಾಗ ಬೇರಿನ ಮೂಲಕ ಗಿಡದೊಳಕ್ಕೆ ಸೇರಿದರೆ, ತೊಳೆದು ಬೇಯಿಸಿದ ಮಾತ್ರಕ್ಕೆ ನಾಶವಾಗುವುದಿಲ್ಲ. ಕಾರ್ಖಾನೆಯ ಹೊಗೆಯೊಂದೇ ಅಲ್ಲ, ನಾವು ಬಳಸುವ ರಂಜಕದ ಗೊಬ್ಬರದಲ್ಲೂ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಇರುತ್ತದೆ ಎಂಬುದನ್ನು ರೈತರಾದ ನಾವೂ ಒಪ್ಪಿಕೊಳ್ಳಬೇಕು. ಕ್ಷಾರೀಯವಾದ ಎರೆಮಣ್ಣಿನಲ್ಲಿ ಗಿಡಗಳು ಅದನ್ನು ಹೀರುವುದು ಕಡಿಮೆ ಎಂಬುದು ಸಮಾಧಾನದ ಸಂಗತಿಯೇ ಆದರೂ, ಅಳೆಯದೆ ನೆಚ್ಚಿಕೊಳ್ಳುವಂತಿಲ್ಲ. ಸೀಸ ಮಕ್ಕಳ ಮಿದುಳಿಗೆ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಇವೆರಡೂ ಇಲ್ಲ. ಕೃಷಿ ಇಲಾಖೆಯು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ನೆರವಿನಿಂದ ಕಾರ್ಖಾನೆಗಳ ಸುತ್ತಲಿನ ಹೊಂಡಗಳ ಹೂಳು, ನೀರು ಮತ್ತು ಸೊಪ್ಪನ್ನು ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ರೈತ, ಕೊಪ್ಪಳ