ಮುಖವಾಡ ಇರುವುದು ಫೋಟೊ ತೆಗೆಸಿಕೊಳ್ಳೋಕಲ್ಲ

ಮಾನ್ಯರೇ,

ಭಾನುವಾರ ನಡೆದ ರಂಗ ಮುಖವಾಡಗಳ ಕಾರ್ಯಕ್ರಮದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಮೈ ಉರಿಯಿತು. 'ಪ್ರೇಕ್ಷಕರ ಮನಗೆದ್ದ ಸಂಜೆ' ಅಂತ ಬರೆದಿದ್ದೀರಿ. ಯಾವ ಪ್ರೇಕ್ಷಕರು? ನಾನೂ ಅಲ್ಲೇ ಇದ್ದೆ. ಕುರ್ಚಿ ಸಿಗದೆ 12 ವರ್ಷದ ಮಗಳ ಜೊತೆ ಮೆಟ್ಟಿಲ ಮೇಲೆ ಕೂತಿದ್ದೆ. ಮುಂದಿನ ಎರಡು ಸಾಲು ಗಣ್ಯರಿಗೆ ಅಂತ ಕಾದಿರಿಸಿದ್ದರು. ಕೊನೆಯವರೆಗೂ ಅದರಲ್ಲಿ ಅರ್ಧ ಖಾಲಿ.

6 ಗಂಟೆಗೆ ಅಂದಿದ್ದ ಕಾರ್ಯಕ್ರಮ. ಮುಖ್ಯ ಅತಿಥಿ ಬರಲಿಲ್ಲ ಅಂತ ಒಂದು ಗಂಟೆ ಕಾಯಿಸಿದರು. ಆಮೇಲೆ ಪ್ರಾತ್ಯಕ್ಷಿಕೆ ಶುರು ಮಾಡಿ ಅಂದರು. ಅದನ್ನು ಮಾಡಿ ತೋರಿಸಲು ಬಂದಿದ್ದ ಕಲಾವಿದೆ ಜಪಾನಿನ ನೋ ಅನ್ನುವ ಹಳೆಯ ನಾಟಕದ ಹೆಣ್ಣು ಮುಖವಾಡ ಹಾಕಿಕೊಂಡು ಬಂದರು. ಮೇಲಿನಿಂದ ಒಂದೇ ಒಂದು ದೀಪ ಸಾಕು ಅಂತ ಅವರು ಮೊದಲೇ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಆ ಮುಖವಾಡದ ಜೀವ ಇರುವುದೇ ಬೆಳಕಿನಲ್ಲಿ. ನಟ ಮುಖ ಕೊಂಚ ಮೇಲೆತ್ತಿದರೆ ಅದು ಅರಳುತ್ತದೆ. ಕೊಂಚ ಬಗ್ಗಿಸಿದರೆ ನೆರಳು ಬಿದ್ದು ಅಳು ಬಂದ ಹಾಗೆ ಕಾಣುತ್ತದೆ. ಮರದ ಮುಖ ಅದೇ, ಬದಲಾಗಿದ್ದು ಬೆಳಕು ಮಾತ್ರ. 600 ವರ್ಷಕ್ಕೂ ಜಾಸ್ತಿ ಕಾಲದಿಂದ ನೋ ಕಲಾವಿದರು ಬೆಳೆಸಿಕೊಂಡು ಬಂದಿರುವ ವಿದ್ಯೆ. ನಮ್ಮವರು ಏನು ಮಾಡಿದರು? ವಿಡಿಯೊದಲ್ಲಿ ಚೆನ್ನಾಗಿ ಬರಲಿ ಅಂತ ಎಲ್ಲ ಟ್ಯೂಬ್‌ಲೈಟ್ ಹಾಕಿಬಿಟ್ಟರು. ಮುಖವಾಡ ಬಿಳಿ ತಟ್ಟೆಯ ಹಾಗೆ ಕಂಡಿತು. 'ಅಪ್ಪಾ, ಏನೂ ಬದಲಾಗ್ತಿಲ್ಲವಲ್ಲ' ಅಂದಳು ಮಗಳು. ಏನು ಹೇಳಲಿ ಅವಳಿಗೆ?

ಅಷ್ಟರಲ್ಲಿ ಅತಿಥಿ ಬಂದರು. 'ನಿಲ್ಲಿಸಿ, ನಿಲ್ಲಿಸಿ' ಅಂತ ಯಾರೋ ಕೂಗಿದರು. ಕಲಾವಿದೆ ಇನ್ನೂ ಮುಖವಾಡದಲ್ಲೇ ಇದ್ದರು. ಅದರ ಕಣ್ಣಿನ ತೂತು ತುಂಬ ಚಿಕ್ಕದು, ಕಾಲ ಕೆಳಗಿನ ನೆಲ ಕಾಣುವುದಿಲ್ಲ. ಜಪಾನಿನಲ್ಲಿ ರಂಗದ ಮೂಲೆಯ ಕಂಬ ನೋಡಿಕೊಂಡೇ ನಟ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುವುದು. ಇಲ್ಲಿ ಕಂಬದ ಬದಲು ದಾರಿಗಡ್ಡವಾಗಿ ಮೈಕಿನ ವೈರು ಇತ್ತು. ಎಡವಿದರು. ಬೀಳಲಿಲ್ಲ ಅನ್ನುವುದೊಂದೇ ಸಮಾಧಾನ. ಯಾರೂ ಕೈ ಹಿಡಿಯಲು ಹೋಗಲಿಲ್ಲ. ಎಲ್ಲರೂ ಹಾರ ಹಿಡಿದು ಬಾಗಿಲ ಕಡೆ ಓಡಿದ್ದರು.

ಆಮೇಲೆ ಆಗಿದ್ದು ನಿಮ್ಮ ವರದಿಯಲ್ಲಿ ಇಲ್ಲವೇ ಇಲ್ಲ. ಅತಿಥಿ ಆ ಮುಖವಾಡವನ್ನು ಕೇಳಿ ತೆಗೆದುಕೊಂಡು, ತಾವೇ ಮುಖಕ್ಕೆ ಹಿಡಿದು ಫೋಟೊ ತೆಗೆಸಿಕೊಂಡರು. ನೋ ಕಲಾವಿದರು ಅದನ್ನು ಹಾಕಿಕೊಳ್ಳುವ ಮೊದಲು ತಲೆಬಾಗುತ್ತಾರೆ. ದಾರ ಕಟ್ಟುವ ಜಾಗದ ಅಂಚಿನಲ್ಲಿ ಮಾತ್ರ ಹಿಡಿಯುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ಒಮೊತೆ, ಅಂದರೆ ಮುಖ. ಹಿನೋಕಿ ಮರದಲ್ಲಿ ಕೆತ್ತಿ, ಸಿಂಪಿ ಚಿಪ್ಪು ಅರೆದ ಬಿಳಿಯನ್ನು ಪದರ ಪದರವಾಗಿ ಬಳಿದು ಮಾಡಿದ್ದು. ಅದರ ಕೆನ್ನೆಯ ಮೇಲೆ ಅತಿಥಿ ಬೆವರಿನ ಹೆಬ್ಬೆರಳು ಊರಿ ಹಿಡಿದಿದ್ದರು. ಕಲಾವಿದೆ ವಾಪಸ್ ತೆಗೆದುಕೊಂಡು, ಒರೆಸಲು ಬಟ್ಟೆ ತೆಗೆದು, ಮುಟ್ಟಿದರೆ ಬಣ್ಣ ಎಲ್ಲಿ ಏಳುತ್ತದೋ ಅಂತ ಕೈ ಹಿಂದೆ ತೆಗೆದರು. ಒಂದು ಮಾತೂ ಆಡದೆ ಚೀಲಕ್ಕೆ ಹಾಕಿಕೊಂಡರು. ನನ್ನ ಹೊಟ್ಟೆ ಕಲಸಿಹೋಯಿತು. ನಾವು ಮೊಬೈಲ್ ತೆಗೆದರೆ ಮಾತ್ರ 'ಫೋಟೊ ತೆಗೆಯಬಾರದು' ಅಂತ ಗದರಿದ್ದರು.

ಮೇಲೆ ಅತಿಥಿಯ 40 ನಿಮಿಷದ ಭಾಷಣ. 'ಎಲ್ಲರೂ ಮುಖವಾಡ ಕಳಚಿ ಬದುಕಬೇಕು' ಅಂತೆ. ಅದೇ ನಿಮ್ಮ ತಲೆಬರಹ ಕೂಡ! ಮುಖವಾಡ ಅಂದರೆ ಮೋಸ ಅನ್ನುವುದು ನಮ್ಮ ಮಾತಿನಲ್ಲಿ ಹೇಗೋ ಸೇರಿಹೋಗಿದೆ. ಆದರೆ ಅದನ್ನು ಹಾಕಿ ನಟಿಸಿದವರನ್ನು ಕೇಳಿ. 15 ವರ್ಷ ಹವ್ಯಾಸಿ ನಾಟಕದಲ್ಲಿದ್ದವನು ನಾನು. ಮುಖ ಮುಚ್ಚಿದ ಕೂಡಲೇ ಕತ್ತು, ಭುಜ, ಬೆರಳು ಎಲ್ಲ ಮಾತಾಡಬೇಕಾಗುತ್ತದೆ, ಸುಮ್ನೆ ನಿಂತರೂ ಸುಳ್ಳು ಹೇಳಲು ಆಗುವುದಿಲ್ಲ. ಗ್ರೀಕರಿಗೆ ಮುಖಕ್ಕೂ ಮುಖವಾಡಕ್ಕೂ ಒಂದೇ ಪದ ಇತ್ತು: ಪ್ರೊಸೊಪಾನ್. ಅವರಿಗೆ ಅದು ಮೋಸ ಅನ್ನಿಸಿರಲಿಲ್ಲ.

ಗ್ರೀಕರ ವಿಷಯ ಬಂತಲ್ಲ, ಅಲ್ಲಿ ಪ್ರದರ್ಶನಕ್ಕಿಟ್ಟ ಮುಖವಾಡಗಳ ಫಲಕಗಳನ್ನು ಬರೆದವರು ಯಾರು ಸ್ವಾಮಿ? '2,500 ವರ್ಷ ಹಳೆಯ ಗ್ರೀಕ್ ರಂಗ ಮುಖವಾಡ' ಅಂತ ಒಂದು ಪ್ಲಾಸ್ಟರ್ ತುಂಡನ್ನು ನೇತುಹಾಕಿದ್ದರು. ನೀವೂ ಹಾಗೇ ಅಚ್ಚು ಹಾಕಿದಿರಿ. ಆ ಕಾಲದ ನಾಟಕದಲ್ಲಿ ಹಾಕಿದ ಒಂದು ಮುಖವಾಡವೂ ಉಳಿದಿಲ್ಲ. ಹೂಜಿಗಳ ಮೇಲಿನ ಚಿತ್ರ, ಮಣ್ಣಿನ ಮತ್ತು ಕಲ್ಲಿನ ನಕಲು ನೋಡಿ ತಿಳಿದುಕೊಂಡಿದ್ದಷ್ಟೇ. ನೋ ಮುಖವಾಡದ ಕೆಳಗೆ 'ಕಬುಕಿ' ಅಂತ ಬರೆದಿದ್ದರು. ಕಬುಕಿ ಜಪಾನಿನದೇ ಬೇರೊಂದು ನಾಟಕ, ಅದರ ನಟರು ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ. ಪಶ್ಚಿಮ ಬಂಗಾಳದ ಪುರುಲಿಯಾದ ಛೌ ಕುಣಿತದ ಮುಖವಾಡಕ್ಕೆ ಒಡಿಶಾದ 'ಮಯೂರ್‌ಭಂಜ್ ಛೌ' ಅಂತ ಚೀಟಿ. ಮೂರು ಬಗೆಯ ಛೌ ಕುಣಿತದಲ್ಲಿ ಮುಖವಾಡ ಇಲ್ಲದ್ದು ಅದೊಂದೇ! ಇಟಲಿಯ ತೊಗಲಿನ ಅರ್ಧ ಮುಖವಾಡ ನೋಡಿ ಮಗಳು 'ಕೆಳಗಿನ ಭಾಗ ಎಲ್ಲಿ' ಅಂತ ಕೇಳಿದರೆ, ಅಲ್ಲಿದ್ದವರು 'ಮುರಿದುಹೋಗಿದೆಯಮ್ಮ' ಅಂದರು. ಬಾಯಿ ಬಿಟ್ಟು ಮಾತಾಡಲಿ ಅಂತಲೇ ಅದನ್ನು ಅರ್ಧ ಮಾಡುವುದು ಅಲ್ವಾ?

ಇದೇನು ಮೊದಲ ಸಲವೇ? ಎರಡು ವರ್ಷದ ಹಿಂದೆ ಇದೇ ಸಭಾಂಗಣದಲ್ಲಿ ಮಕ್ಕಳ ಶಿಬಿರ ಮಾಡಿದ್ದರು. ಪುರುಲಿಯಾದ ಚರಿಡಾ ಹಳ್ಳಿಯಲ್ಲಿ ಮಾಡುವ ರೀತಿಯಲ್ಲೇ ಮಣ್ಣಿನ ಅಚ್ಚು ತಿದ್ದಿ, ಅದರ ಮೇಲೆ ಅಂಟಿನ ಕಾಗದ ಪದರ ಪದರವಾಗಿ ಹಚ್ಚಿ ಮಕ್ಕಳು ಮುಖವಾಡ ಮಾಡಿದರು. ನನ್ನ ಮಗಳು ಮಾಡಿದ್ದೂ ಅದರಲ್ಲಿತ್ತು. ಪ್ರದರ್ಶನಕ್ಕೆ ಬೇಕು, ಇಲ್ಲೇ ಇರಲಿ ಅಂದರು. ಆರು ತಿಂಗಳ ನಂತರ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಸಿಕ್ಕಿತು, ಗೆದ್ದಲು ತಿಂದು. ಪತ್ರ ಬರೆದೆ. ಉತ್ತರ ಇಲ್ಲ. ಮತ್ತೆ ಬರೆದೆ. ಶೌಚಾಲಯಕ್ಕೆ ಯಾವಾಗಲೂ ಬೀಗ, ಅದರ ಬಗ್ಗೆಯೂ ಬರೆದಿದ್ದೆ. ಭಾನುವಾರವೂ ಬೀಗವೇ ಇತ್ತು. ಕೊನೆಯ ಬಸ್ಸು ತಪ್ಪಿ, ನಿದ್ದೆಗಣ್ಣಿನ ಮಗುವನ್ನು ಎಳೆದುಕೊಂಡು ನಡೆದಿದ್ದನ್ನು ಇನ್ನು ಯಾರಿಗೆ ಬರೆಯಲಿ?

ಆ ಕಲಾವಿದೆಯ ಕ್ಷಮೆ ಕೇಳಬೇಕು. ಪ್ರಾತ್ಯಕ್ಷಿಕೆ ಇನ್ನೊಮ್ಮೆ ಆಗಬೇಕು, ಒಂದೇ ದೀಪದಲ್ಲಿ, ಭಾಷಣ ಇಲ್ಲದೆ. ಆಗುವುದಿಲ್ಲ ಅಂದರೆ ಇಂಥ ಕಾರ್ಯಕ್ರಮ ಮಾಡುವುದನ್ನೇ ಬಿಟ್ಟುಬಿಡಲಿ. ಸಂಬಂಧಪಟ್ಟವರು ಏನಾದರೂ ಮಾಡಲಿ, ಫಲಕಗಳನ್ನಾದರೂ ತಿದ್ದಲಿ. ಬೇರೆಯವರ ವಸ್ತು ಮುಟ್ಟುವ ಮೊದಲು ಕೈ ಒರೆಸಿಕೊಳ್ಳಬೇಕು ಅಂತ ನನ್ನ ಮಗಳಿಗೆ ಗೊತ್ತಿದೆ. ಇಷ್ಟು ದೊಡ್ಡವರಿಗೆ ಅದನ್ನೂ ಹೇಳಿಕೊಡಬೇಕಾ?

– ಮೆಟ್ಟಿಲ ಮೇಲೆ ಕೂತಿದ್ದ ಪ್ರೇಕ್ಷಕ